ದನಿಯ ಬೆನ್ನು ಹತ್ತಿದವರು

ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ಇನ್ನೊಮ್ಮೆ ನೋಡಬೇಕೆನ್ನಿಸುವ ಪತ್ತೇದಾರಿ ಚಿತ್ರಗಳೆಂದರೆ ನನಗೆ ಪ್ರಾಣ. ಅಂಥವು ಸಿಗುವುದು ಅಪರೂಪ. ಒಗಟು ಬಿಡಿಸಿದ ಮೇಲೆ ಅದೇ ಒಗಟನ್ನು ಮತ್ತೆ ಯಾರೂ ಕೇಳುವುದಿಲ್ಲ. ಪದ್ಯವನ್ನಾದರೆ ಅರ್ಥವಾದ ಮೇಲೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತೇವೆ. ಒಗಟಿನ ಮೈಯೊಳಗೆ ಪದ್ಯದ ಜೀವ ಸೇರಿಕೊಂಡ ಚಿತ್ರ ಸಿಕ್ಕಿತೆಂದರೆ ಆ ವಾರವೆಲ್ಲ ನನಗೆ ಹಬ್ಬ.

‘ಬೆಳದಿಂಗಳ ಬಾಲೆ’ ಅಂಥದ್ದು. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಒಂದೂ ಹಾಡಿಲ್ಲದೆ ‘ತರ್ಕ’ ಮಾಡಿ ಗೆದ್ದವರು. 1995ರಲ್ಲಿ ಅವರು ಕೊಲೆಯನ್ನೇ ಬಿಟ್ಟುಕೊಟ್ಟು ಒಂದು ದನಿಯನ್ನು ಕೈಗೆತ್ತಿಕೊಂಡರು. ಅನಂತನಾಗ್ ಮಾಡಿದ ರೇವಂತ್ ಚದುರಂಗದ ಗ್ರಾಂಡ್‌ಮಾಸ್ಟರ್, ಎದುರಾಳಿಯ ನಡೆಗಳನ್ನು ಮುಂಚೆಯೇ ಎಣಿಸಬಲ್ಲ ಜಾಣ. ಫೋನಿನಲ್ಲಿ ಬರುವ ಹೆಣ್ಣುದನಿಯೊಂದು ಅವನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ಅವಳು ಹೆಸರು ಹೇಳಳು, ಮುಖ ತೋರಳು. ಸುಳಿವು ಕೊಟ್ಟು, ಹುಡುಕಿ ನೋಡೋಣ ಎಂದು ಪಂಥ ಹಾಕುತ್ತಾಳೆ. ಆ ಪಾತ್ರಕ್ಕೆ ಕಂಠ ಕೊಟ್ಟವರು ಮಂಜುಳಾ ಗುರುರಾಜ್. ಕೊನೆಯವರೆಗೂ ನಾಯಕಿಯ ಮುಖ ನಮಗೆ ಕಾಣುವುದಿಲ್ಲ.

ಈ ಚಿತ್ರದ ರುಚಿ ಹತ್ತುವುದು ಎರಡನೇ ನೋಟದಲ್ಲಿ. ಅವಳ ಆಯುಸ್ಸು ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿದೆ ಎಂಬುದು ಆಗ ನಮಗೆ ಗೊತ್ತಿರುತ್ತದೆ. ಮೊದಲ ಸಲ ತುಂಟತನವೆನಿಸಿದ ನಗು ಈಗ ವಿದಾಯವೆನಿಸುತ್ತದೆ. ಅವಳು ಮಾತಿನ ನಡುವೆ ಸುಮ್ಮನಾದಾಗ ಕಥೆ ಕಟ್ಟಿದವರ ಕೈಚಳಕವೆಂದುಕೊಂಡಿದ್ದೆವು. ಈಗ ಅಲ್ಲಿ ಒಂದು ಜೀವ ಕಾಣುತ್ತದೆ. ಮಾತು ಅದೇ, ಬದಲಾದದ್ದು ನಮ್ಮ ಕಿವಿ.

ಚಿತ್ರದ ಮೂಲ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ. ಪಾವಗಡ ತಾಲ್ಲೂಕಿನ ನಮ್ಮ ನಿಡುಗಲ್ ಸೀಮೆಗೆ ಅದು ದೂರದ್ದೇನಲ್ಲ. ಆಂಧ್ರದ ಒತ್ತಿನಲ್ಲೇ ಇರುವ ಪಾವಗಡದ ಕಡೆ ತೆಲುಗು ಎಷ್ಟೋ ಮನೆಗಳ ಆಡುಮಾತು. ಒಂದು ಕಥೆಯನ್ನು ಎರಡು ಭಾಷೆಯಲ್ಲಿ ಸವಿದು, ಅಲ್ಲಿ ಹೀಗಿತ್ತು ಇಲ್ಲಿ ಹೀಗಾಯಿತು ಎಂದು ಜಗಲಿ ಮೇಲೆ ಕೂತು ವಾದ ಮಾಡುವುದೂ ಪತ್ತೇದಾರಿಕೆಯೇ.

ಮುಖ ಕಾಣದೆ ದನಿಗೆ ಸೋತವರ ಕಥೆ ಕನ್ನಡಕ್ಕೆ ಹೊಸದಲ್ಲ. 1209ರಲ್ಲಿ ಜನ್ನ ಬರೆದು ಮುಗಿಸಿದ ‘ಯಶೋಧರ ಚರಿತೆ’ಯ ಅಮೃತಮತಿ ರಾತ್ರಿ ಹಾಡೊಂದು ಕಿವಿಗೆ ಬಿದ್ದು ಮನಸೋಲುತ್ತಾಳೆ. ಹಾಡಿದವನು ಮಾವುತ, ಕುರೂಪಿ ಅಷ್ಟಾವಂಕ. ಮುಂದಿನದು ಅಪ್ಪಟ ಪತ್ತೇದಾರಿ ಪ್ರಸಂಗ: ನಿದ್ದೆ ಬಂದವನಂತೆ ಮಲಗಿದ್ದ ಅರಸ ಕತ್ತಿ ಹಿಡಿದು ರಾಣಿಯ ಹಿಂದೆಯೇ ಹೋಗುತ್ತಾನೆ, ಎಲ್ಲವನ್ನೂ ನೋಡುತ್ತಾನೆ, ಎತ್ತಿದ ಕೈಯನ್ನು ತಡೆದು ಮರಳುತ್ತಾನೆ. ಮರುದಿನ ನೆಯ್ದಿಲ ಹೂವಿನಿಂದ ಹಗುರವಾಗಿ ಹೊಡೆದು, ತನಗೆ ಗೊತ್ತಾಗಿದೆ ಎಂಬುದನ್ನು ಅವಳಿಗೆ ಮುಟ್ಟಿಸುತ್ತಾನೆ. ಸಾಕ್ಷಿಯನ್ನು ಹೂವಿನಲ್ಲಿ ಮಂಡಿಸಿದ ಪತ್ತೇದಾರನನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಕಾವ್ಯವನ್ನು ‘ಅಮೃತಮತಿ’ ಎಂಬ ಚಿತ್ರವಾಗಿಸಿದ ಬರಗೂರು ರಾಮಚಂದ್ರಪ್ಪನವರು ನಮ್ಮ ಸಿರಾ ತಾಲ್ಲೂಕಿನವರು. ಹರಿಪ್ರಿಯಾ ರಾಣಿ, ಕಿಶೋರ್ ಅರಸ. ಬರಗೂರರು ರಾಣಿಯ ಮನಸ್ಸಿನ ಕಡೆಯಿಂದ ಕಥೆಯನ್ನು ನೋಡುತ್ತಾರೆ. ಅವಳೇಕೆ ಆ ಹಾಡಿನತ್ತ ನಡೆದಳು ಎಂಬುದೇ ಪತ್ತೆಯಾಗಬೇಕಾದ ವಿಷಯವಾಗುತ್ತದೆ.

2015ರ ‘ರಂಗಿತರಂಗ’ದಲ್ಲಿ ದನಿಯ ಜಾಗದಲ್ಲಿ ಬರವಣಿಗೆ ಇದೆ. ಗೌತಮ್ ಸುವರ್ಣ ಗುಪ್ತನಾಮದಲ್ಲಿ ಬರೆಯುವ ಕಾದಂಬರಿಕಾರ; ಪತ್ರಕರ್ತೆಯೊಬ್ಬಳು ಅವನ ಜಾಡು ಹಿಡಿದು ಕಮರೊಟ್ಟು ಎಂಬ ಹಳ್ಳಿಗೆ ಬರುತ್ತಾಳೆ. ಕಥೆ, ನಿರ್ದೇಶನ, ಹಾಡಿನ ಸಾಹಿತ್ಯ, ರಾಗ ಎಲ್ಲವೂ ಅನೂಪ್ ಭಂಡಾರಿಯವರೇ. ಅದಕ್ಕೇ ಅಲ್ಲಿ ಹಾಡು ಕಥೆಯಿಂದ ಎದ್ದು ಹೊರಗೆ ಹೋಗುವುದಿಲ್ಲ. ಬಂಗಾಳಿಯ ‘ಬಾಯಿಶೇ ಶ್ರಾಬೋನ್’ (2011) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಹೆಣದ ಪಕ್ಕ ಕವಿತೆಯ ಸಾಲು ಬಿದ್ದಿರುತ್ತದೆ. ಚಿತ್ರದ ಹೆಸರು ರವೀಂದ್ರನಾಥ ಠಾಕೂರರು ತೀರಿಕೊಂಡ ಬಂಗಾಳಿ ದಿನಾಂಕ. ಕಾವ್ಯ ಗೊತ್ತಿಲ್ಲದ ಪೊಲೀಸಿಗೆ ಅಲ್ಲಿ ದಾರಿಯೇ ಕಾಣುವುದಿಲ್ಲ.

ಈ ಚಿತ್ರಗಳಿಂದ ನಾನು ಕಂಡುಕೊಂಡದ್ದು ಇಷ್ಟು: ಬೆರಳಚ್ಚು ಆಸಾಮಿಯನ್ನು ಹಿಡಿದುಕೊಡಬಹುದು, ಅವನ ಒಳಗನ್ನು ತೋರಿಸಲಾರದು. ಹೇಳುವ ಬಗೆ, ಹಾಡುವ ದನಿ, ಬರೆಯುವ ಕೈ ತೋರಿಸುತ್ತವೆ. ಅದನ್ನು ಓದಬೇಕಾದರೆ ಪತ್ತೇದಾರ ಮೊದಲು ರಸಿಕನಾಗಿರಬೇಕು. ಬೆಡಗಿನ ವಚನವನ್ನೂ ಕನಕದಾಸರ ಮುಂಡಿಗೆಯನ್ನೂ ಶತಮಾನಗಳಿಂದ ಬಿಡಿಸುತ್ತ ಬಂದ ನಮಗೆ ಈ ವಿದ್ಯೆ ಹೊಸದಾಗಿ ಕಲಿಯಬೇಕಾದ್ದೇನಲ್ಲ.

ಹಾಗಾಗಿ ನನಗೊಂದು ದೊಡ್ಡ ಆಸೆಯಿದೆ. ಜನ್ನ ಬರೆಯುತ್ತಿದ್ದ ಕಾಲಕ್ಕೆ ನಿಡುಗಲ್ಲಿನಲ್ಲಿ ಇರುಂಗೋಳ ವಂಶದ ಅರಸರಿದ್ದರು. ಅವರ ಶಾಸನಗಳು ಈ ಸೀಮೆಯಲ್ಲಿ ಉಳಿದಿವೆ. ‘ಪರಸಂಗದ ಗೆಂಡೆತಿಮ್ಮ’ ಚಿತ್ರಕ್ಕೆ ಹಾಡು ಬರೆದ ದೊಡ್ಡರಂಗೇಗೌಡರು ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯವರು. ಕಲ್ಲಿನ ಬರಹ, ಕವಿಯ ಪದ, ಕೋಟೆಯ ಬಂಡೆ ಎಲ್ಲ ಇಲ್ಲೇ ಇವೆ. ಯಾರಾದರೂ ಎಳೆಯ ನಿರ್ದೇಶಕರು ನಿಡುಗಲ್ ಬೆಟ್ಟದ ಮೇಲೆ ಒಂದು ರಹಸ್ಯ ಹೂಡಲಿ. ಅದನ್ನು ಬಿಡಿಸುವವರಿಗೆ ಹಳಗನ್ನಡ ಓದಲು ಬರಬೇಕು, ತೆಲುಗು ಅರ್ಥವಾಗಬೇಕು, ಹೊಲದಲ್ಲಿ ಹಾಡುವ ಹೆಂಗಸಿನ ಪದದಲ್ಲಿ ಸುಳಿವು ಕೇಳಿಸಬೇಕು. ಮೊದಲ ದಿನ ಉತ್ತರಕ್ಕಾಗಿ ಆ ಚಿತ್ರ ನೋಡುತ್ತೇನೆ. ಮರುದಿನ ಉತ್ತರ ಗೊತ್ತಿದ್ದೇ ಹೋಗಿ ಮತ್ತೆ ಕೂರುತ್ತೇನೆ.