ಬಡತನ ಉಳಿಸಿಕೊಟ್ಟ ಬಟ್ಟಿ

ಕ್ಯಾಂಪ್‌ಬೆಲ್‌ಟೌನ್ ಎಂಬ ಊರಿನ ಹೆಸರನ್ನು ನಾನು ಮೊದಲು ಕೇಳಿದ್ದು ಗ್ಲಾಸ್ಗೋದ ಆಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿಯ ರೋಗಿಗಳ ಸ್ಥಿತಿ ಕೈಮೀರಿದರೆ ವಿಮಾನದಲ್ಲಿ ನಮ್ಮಲ್ಲಿಗೆ ಕಳಿಸುತ್ತಿದ್ದರು. ರಸ್ತೆಯಲ್ಲಿ ಬರುವುದಾದರೆ ಬೆಟ್ಟ, ಸರೋವರ, ಕಡಲಂಚು ಎಲ್ಲವನ್ನೂ ಬಳಸಿ ಸುಮಾರು 220 ಕಿಲೋಮೀಟರ್. ನಡುವೆ ಗುಡ್ಡ ಕುಸಿದರೆ ಆ ದಾರಿಯೂ ಇಲ್ಲ. ಸ್ಕಾಟ್‌ಲೆಂಡಿನ ಪಶ್ಚಿಮ ತೀರದಿಂದ ದಕ್ಷಿಣಕ್ಕೆ ಚಾಚಿಕೊಂಡ ಕಿಂಟೈರ್ ಪರ್ಯಾಯದ್ವೀಪದ ತುದಿಯ ಊರು ಅದು. 1990ರ ದಶಕದ ನಡುವಿನಲ್ಲಿ ಅಲ್ಲಿಯ ವೈದ್ಯರೊಬ್ಬರ ರಜೆಗೆ ಬದಲಿಯಾಗಿ ಹೋಗುವವರು ಯಾರೂ ಸಿಗದಿದ್ದಾಗ ಕಿರಿಯನಾದ ನನ್ನನ್ನು ಕಳಿಸಿದರು.

ಆಗ ಕಂಡ ಊರು ಸೊರಗಿತ್ತು. ಐದು ಸಾವಿರದಷ್ಟು ಜನ. ಮೀನುಗಾರಿಕೆ ಹಿಂದಿನಂತಿರಲಿಲ್ಲ. ಪಕ್ಕದ ಮಾಕ್ರಿಹಾನಿಷ್ ವಾಯುನೆಲೆ ಖಾಲಿಯಾಗುತ್ತಿತ್ತು, ಅಲ್ಲಿದ್ದ ಅಮೆರಿಕನ್ ನೌಕಾಪಡೆಯವರು ಹೊರಟುಹೋಗುತ್ತಿದ್ದರು. ಹಡಗುಕಟ್ಟೆಯ ಬಾಗಿಲೂ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಊರಿನ ಬೀದಿಗಳಲ್ಲಿ ನಡೆದರೆ ದಪ್ಪ ಕಲ್ಲುಗೋಡೆಯ ದೊಡ್ಡ ದೊಡ್ಡ ಕಟ್ಟಡಗಳು. ಒಂದರಲ್ಲಿ ಗ್ಯಾರೇಜು, ಇನ್ನೊಂದರಲ್ಲಿ ಬಾಡಿಗೆ ಮನೆಗಳು, ಮತ್ತೊಂದು ಹಾಳುಬಿದ್ದದ್ದು. ಅವೆಲ್ಲ ಹಿಂದೆ ವಿಸ್ಕಿ ಬಟ್ಟಿಗಳು ಎಂದು ರೋಗಿಗಳೇ ಹೇಳಿದರು. 1880ರ ದಶಕದಲ್ಲಿ ಬ್ರಿಟನ್ನಿನ ಡಿಸ್ಟಿಲರಿಗಳನ್ನೆಲ್ಲ ಸುತ್ತಿ ಗ್ರಂಥ ಬರೆದ ಆಲ್ಫ್ರೆಡ್ ಬರ್ನಾರ್ಡ್ ಈ ಒಂದೇ ಊರಿನಲ್ಲಿ 21 ಡಿಸ್ಟಿಲರಿಗಳನ್ನು ಎಣಿಸಿದ್ದ. ತಲಾ ಆದಾಯದಲ್ಲಿ ಬ್ರಿಟನ್ನಿಗೇ ಶ್ರೀಮಂತ ಊರು ಎಂಬ ಹೆಸರೂ ಆಗ ಅದಕ್ಕಿತ್ತು. ನಾನು ಹೋದಾಗ ಉಳಿದದ್ದು ಎರಡೇ. ಅದರಲ್ಲೂ ಗ್ಲೆನ್ ಸ್ಕೋಶಿಯಾ ಮುಚ್ಚಿತ್ತು. ಹೊಗೆ ಏಳುತ್ತಿದ್ದದ್ದು ಮಿಚೆಲ್ ಮನೆತನದ ಸ್ಪ್ರಿಂಗ್‌ಬ್ಯಾಂಕ್‌ನಲ್ಲಿ ಮಾತ್ರ.

ಒಳಗೆ ನೋಡಬೇಕೆಂದಾಗ ಸಲಿಕೆ ಹಿಡಿದಿದ್ದ ಕೆಲಸಗಾರನೊಬ್ಬ ಅದನ್ನು ಗೋಡೆಗೆ ಒರಗಿಸಿ, ಬಾ ಎಂದು ಕರೆದುಕೊಂಡು ಹೋದ. ಟಿಕೆಟ್ಟಿಲ್ಲ, ಕೊನೆಯಲ್ಲಿ ರುಚಿ ನೋಡುವ ಕೋಣೆಯೂ ಇಲ್ಲ. ಕಲ್ಲುನೆಲದ ಮೇಲೆ ನೆನೆದ ಬಾರ್ಲಿಯನ್ನು ಹರವಿದ್ದರು. ಮಗುವಿಗೆ ರಾಗಿ ಸರಿ ಮಾಡಲು ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಬರಿಸುವ ಕೆಲಸವೇ ಅದು, ಟನ್ನುಗಳ ಲೆಕ್ಕದಲ್ಲಿ. ಮೊಳಕೆಗಳು ಹೆಣೆದುಕೊಂಡು ಗಂಟಾಗದಂತೆ ಹಗಲೂ ರಾತ್ರಿ ಕೆಲವು ಗಂಟೆಗಳಿಗೊಮ್ಮೆ ಅದನ್ನು ಕೈಯಿಂದಲೇ ತಿರುವಿ ಹಾಕಬೇಕು. ಆಮೇಲೆ ಗೂಡಿನಲ್ಲಿ ಒಣಗಿಸುತ್ತಾರೆ. ಸ್ಪ್ರಿಂಗ್‌ಬ್ಯಾಂಕ್‌ಗೆ ಆರು ಗಂಟೆ ಪೀಟ್ ಹೊಗೆ, ಆಮೇಲೆ ಮೂವತ್ತು ಗಂಟೆ ಬಿಸಿಗಾಳಿ. ಲಾಂಗ್‌ರೋ ಎಂಬ ಇನ್ನೊಂದು ಬಗೆಗೆ ನಲವತ್ತೆಂಟು ಗಂಟೆ ಬರೀ ಹೊಗೆ. ಪೀಟ್ ಎಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತು ಗಟ್ಟಿಯಾದ ಸಸ್ಯರಾಶಿ. ಅಗೆದು ಒಣಗಿಸಿದರೆ ಉರುವಲಾಗುತ್ತದೆ, ಅದರ ಹೊಗೆಯ ವಾಸನೆ ಧಾನ್ಯಕ್ಕೆ ಹತ್ತುತ್ತದೆ.

ನೂರು ವರ್ಷ ಹಳೆಯ ಎರಕದ ಕಬ್ಬಿಣದ ತೊಟ್ಟಿ, ಮರದ ಹುದುಗು ಪಾತ್ರೆಗಳು, ಮೂರು ತಾಮ್ರದ ಹಂಡೆಗಳು. ಮೊದಲನೆಯ ಹಂಡೆಗೆ ಕೆಳಗಿನಿಂದ ನೇರ ಬೆಂಕಿ. ದ್ರವದ ಒಂದು ಭಾಗ ಎರಡು ಸಲ, ಉಳಿದದ್ದು ಮೂರು ಸಲ ಬಟ್ಟಿ ಇಳಿಯುವುದರಿಂದ ಇದನ್ನು ಎರಡೂವರೆ ಸಲ ಇಳಿಸಿದ ವಿಸ್ಕಿ ಎನ್ನುತ್ತಾರೆ. ಮೊಳಕೆಯಿಂದ ಬಾಟಲಿ ತುಂಬುವ ತನಕ ಎಲ್ಲವೂ ಅದೇ ಅಂಗಳದಲ್ಲಿ. ಕಣ್ಣಿಗೆ ಅದು ಹಳೆಯ ಅಕ್ಕಿ ಗಿರಣಿಗಿಂತ ಬೇರೆಯಾಗಿ ಕಾಣಲಿಲ್ಲ. ಊರಿನ ಅಂಗಡಿಯಲ್ಲಿ ಅವರ ಬಾಟಲಿಗಳು ಮೇಲಿನ ಅರೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಊರವರು ಕುಡಿಯುತ್ತಿದ್ದದ್ದು ಅದಕ್ಕಿಂತ ಅಗ್ಗದ್ದನ್ನು.

ಈ ವ್ಯವಹಾರದ ಬೇರು ಕಳ್ಳಭಟ್ಟಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ರೈತರ ಬಾರ್ಲಿಗೆ ಒಳ್ಳೆಯ ಬೆಲೆ ಬರುತ್ತಿದ್ದದ್ದು ಅದು ವಿಸ್ಕಿಯಾದಾಗ, ಅದೂ ಸರ್ಕಾರಕ್ಕೆ ಸುಂಕ ಕಟ್ಟದಿದ್ದಾಗ. ರಾಬರ್ಟ್ ಆರ್ಮರ್ ಎಂಬ ಊರಿನ ತಾಮ್ರಗಾರ 1811ರಿಂದ ಕೆಲವು ವರ್ಷ ಕಳ್ಳ ಹಂಡೆಗಳನ್ನು ಮಾಡಿ ಮಾರಿದ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಗಿರಾಕಿಗಳಲ್ಲಿ ಹೆಂಗಸರೂ ಬಹಳ ಮಂದಿ. ಮಿಚೆಲ್ ಮನೆತನದ ಆರ್ಚಿಬಾಲ್ಡ್ ಕೂಡ ಇದೇ ಕಸುಬಿನವನೆಂದು ಕಂಪನಿಯೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. 1823ರ ಕಾಯ್ದೆ ಸುಂಕ ಇಳಿಸಿ ಪರವಾನಗಿ ಸುಲಭ ಮಾಡಿದ ಮೇಲೆ ಕದ್ದು ಮಾಡುವುದಕ್ಕಿಂತ ಕಾನೂನಿನಂತೆ ಮಾಡುವುದರಲ್ಲೇ ಲಾಭವಾಯಿತು. 1828ರಲ್ಲಿ ಮಿಚೆಲ್‌ರ ಬೀಗರಾದ ರೀಡ್ ಕುಟುಂಬದವರು ಪರವಾನಗಿ ಪಡೆದು ಸ್ಪ್ರಿಂಗ್‌ಬ್ಯಾಂಕ್ ಶುರುಮಾಡಿದರು. ಅವರ ಕೈ ಸೋತಾಗ, 1837ರಲ್ಲಿ, ಜಾನ್ ಮತ್ತು ವಿಲಿಯಂ ಮಿಚೆಲ್ ಎಂಬ ಅಣ್ಣತಮ್ಮಂದಿರು ಅದನ್ನು ಕೊಂಡುಕೊಂಡರು.

ಕೂಡಿ ಬಾಳುವುದು ಅವರಿಗೂ ಆಗಲಿಲ್ಲ. ಜಗಳ ಹುಟ್ಟಿದ್ದು ವಿಸ್ಕಿಗಲ್ಲ, ಕುರಿಗಳಿಗಾಗಿ ಎಂಬುದು ಅಲ್ಲಿ ಎಲ್ಲರೂ ಹೇಳುವ ಕತೆ. ವಿಲಿಯಂ ಸಿಟ್ಟಿನಿಂದ ಹೊರಬಂದು 1872ರಲ್ಲಿ ಪಕ್ಕದಲ್ಲೇ ಗ್ಲೆನ್‌ಗೈಲ್ ಎಂಬ ಸ್ವಂತ ಬಟ್ಟಿ ಕಟ್ಟಿದ. ಜಾನ್ ತನ್ನ ಮಗ ಅಲೆಕ್ಸಾಂಡರನನ್ನು ಪಾಲುದಾರನನ್ನಾಗಿ ಮಾಡಿಕೊಂಡ. 1897ರಲ್ಲಿ ನೋಂದಣಿಯಾದ ಜೆ. ಅಂಡ್ ಎ. ಮಿಚೆಲ್ ಕಂಪನಿಯ ಹೆಸರಿನಲ್ಲಿರುವುದು ಈ ತಂದೆಮಗ. ನಮ್ಮ ದಾಯಾದಿ ಜಗಳಗಳಂತೆ ಇದು ಕೋರ್ಟಿನಲ್ಲಿ ತಲೆಮಾರುಗಟ್ಟಲೆ ಕೊಳೆಯಲಿಲ್ಲ. ಊರಿಗೆ ಇನ್ನೊಂದು ಕಾರ್ಖಾನೆ ಬಂತು, ಅಷ್ಟೇ.

ಮುಂದಿನ ಕೆಲವು ದಶಕಗಳಲ್ಲಿ ಊರು ಕುಸಿಯಿತು. ಕಾರಣ ಒಂದಲ್ಲ. ಮಿಶ್ರಣದ ವಿಸ್ಕಿ ಮಾಡುವ ದೊಡ್ಡ ಕಂಪನಿಗಳಿಗೆ ಸ್ಕಾಟ್‌ಲೆಂಡಿನ ಈಶಾನ್ಯದ ಸ್ಪೇಸೈಡಿನ ಹಗುರ ರುಚಿ ಹಿಡಿಸಿತು, ಕ್ಯಾಂಪ್‌ಬೆಲ್‌ಟೌನಿನ ದಪ್ಪ, ಎಣ್ಣೆಯಂಥ ಸರಕು ಬೇಡವಾಯಿತು. ಬೇಡಿಕೆ ಇದ್ದ ಕಾಲದಲ್ಲಿ ಅವಸರಕ್ಕೆ ಕಳಪೆ ಮಾಲು ಕಳಿಸಿ ಊರೇ ಹೆಸರು ಕೆಡಿಸಿಕೊಂಡಿತ್ತು. ಮೊದಲ ಮಹಾಯುದ್ಧ, ಏರಿದ ಸುಂಕ, 1920ರಿಂದ ಅಮೆರಿಕದ ಪಾನನಿಷೇಧ, ಹತ್ತಿರದ ಕಲ್ಲಿದ್ದಲು ಗಣಿ ಮುಚ್ಚಿದ್ದು, ಎಲ್ಲವೂ ಒಂದರ ಹಿಂದೊಂದು ಬಂದವು. ವಿಲಿಯಂ ಕಟ್ಟಿದ ಗ್ಲೆನ್‌ಗೈಲ್ ಮನೆತನದ ಕೈತಪ್ಪಿ 1925ರಲ್ಲಿ ಮುಚ್ಚಿತು. ಜಪಾನಿನಿಂದ ಬಂದು 1920ರಲ್ಲಿ ಇಲ್ಲಿ ಕೆಲಸ ಕಲಿತು, ಮುಂದೆ ನಿಕ್ಕಾ ಕಂಪನಿ ಕಟ್ಟಿದ ಮಸಾತಕ ತಾಕೆತ್ಸುರು ದುಡಿದಿದ್ದ ಹೇಜಲ್‌ಬರ್ನ್ ಕೂಡ ಉಳಿಯಲಿಲ್ಲ. ಗ್ಲೆನ್ ಸ್ಕೋಶಿಯಾದ ಒಡೆಯ ಡಂಕನ್ ಮೆಕ್ಯಾಲಮ್ 1930ರಲ್ಲಿ ನೀರಿಗೆ ಹಾರಿ ಪ್ರಾಣ ಕಳೆದುಕೊಂಡ. 1934ರ ಹೊತ್ತಿಗೆ ಊರಿನಲ್ಲಿ ಉಳಿದದ್ದು ಆ ಎರಡೇ.

ಆ ಎರಡರ ಕತೆ ಬೇರೆ ಬೇರೆಯಾದದ್ದು ಒಡೆತನದಿಂದ. ಗ್ಲೆನ್ ಸ್ಕೋಶಿಯಾ ಕೈಯಿಂದ ಕೈಗೆ ಹೋಯಿತು, ಕೆನಡಾದ ಕಂಪನಿಯೂ ಅದನ್ನು ಆಳಿತು, ಈಗ ಹಣ ಹೂಡಿರುವುದು ಏಷ್ಯಾದ ಬಂಡವಾಳ ಸಂಸ್ಥೆ. ಸ್ಪ್ರಿಂಗ್‌ಬ್ಯಾಂಕ್ ಮಾತ್ರ ಮಿಚೆಲ್ ವಂಶದಲ್ಲೇ ಉಳಿಯಿತು. ಹಾಗೆಂದು ಅದು ಸುಖವಾಗಿರಲಿಲ್ಲ. 1960ರಲ್ಲಿ ಸ್ವಂತ ಮೊಳಕೆ ಕೆಲಸ ನಿಲ್ಲಿಸಿ ಹೊರಗಿನ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ತರಿಸಿತು. ಸ್ಕಾಟ್‌ಲೆಂಡಿನಲ್ಲೆಲ್ಲ ವಿಸ್ಕಿ ಅತಿಯಾಗಿ ದಾಸ್ತಾನಾದಾಗ 1979ರಿಂದ 1987ರವರೆಗೆ ಬಟ್ಟಿಯೇ ತಣ್ಣಗಿತ್ತು. ಅದೇ ಕಾಲದಲ್ಲಿ, 1983ರಲ್ಲಿ, ದೈತ್ಯ ಡಿ.ಸಿ.ಎಲ್. (ಡಿಸ್ಟಿಲರ್ಸ್ ಕಂಪನಿ ಲಿಮಿಟೆಡ್) ತನ್ನ ಎಷ್ಟೋ ಡಿಸ್ಟಿಲರಿಗಳನ್ನು ಒಂದೇ ಏಟಿಗೆ ಮುಚ್ಚಿತು. ಅವುಗಳಲ್ಲಿ ಹಲವು ಮತ್ತೆ ತೆರೆಯಲೇ ಇಲ್ಲ. ಮಿಚೆಲ್ ಕಂಪನಿಗೆ ಷೇರುಪೇಟೆಯ ಒತ್ತಡ ಇರಲಿಲ್ಲ. ಬೀಗ ಹಾಕಿಕೊಂಡು ಕಾಯುವುದು ಅದಕ್ಕೆ ಸಾಧ್ಯವಾಯಿತು. 1992ರಲ್ಲಿ ಕಲ್ಲುನೆಲದ ಮೊಳಕೆ ಕೆಲಸವನ್ನು ಮತ್ತೆ ಹಿಡಿಯಿತು. ಅಂದಿನಿಂದ ಹೊರಗಿನ ಮಾಲ್ಟ್ ತಂದಿಲ್ಲ.

ಈಗ ಎಲ್ಲರೂ ಅದನ್ನು ಪರಂಪರೆ ಎಂದು ಕೊಂಡಾಡುತ್ತಾರೆ. ನನ್ನ ಲೆಕ್ಕ ಬೇರೆ. 1960 ಮತ್ತು 70ರ ದಶಕಗಳಲ್ಲಿ ಹಣವಿದ್ದ ಕಂಪನಿಗಳು ಹಳೆಯ ತೊಟ್ಟಿ, ಹಂಡೆ, ಗೂಡುಗಳನ್ನು ಕಿತ್ತು ಉಕ್ಕು ತಂದವು, ಬೆಂಕಿ ಬಿಟ್ಟು ಹಬೆ ಹಿಡಿದವು. ಸ್ಪ್ರಿಂಗ್‌ಬ್ಯಾಂಕ್‌ನಲ್ಲಿ ಹಳೆಯದೇ ಉಳಿಯಿತು. ಹೊಸದಕ್ಕೆ ದುಡ್ಡು ಸಾಲದ್ದು ಅರ್ಧ ಕಾರಣ, ಬದಲಿಸುವುದಿಲ್ಲ ಎಂಬ ಯಜಮಾನರ ಹಟ ಉಳಿದರ್ಧ. ಆ ಹಟದ ಹೆಸರು ಹೆಡ್ಲಿ ರೈಟ್. ಮಿಚೆಲ್ ವಂಶದ ಈ ಅಧ್ಯಕ್ಷರು ಪ್ರಚಾರದಿಂದ ದೂರವೇ ಇದ್ದರು. ಗ್ಲೆನ್‌ಗೈಲ್‌ನ ಹಳೆಯ ಕಟ್ಟಡ ರೈಫಲ್ ಕ್ಲಬ್ಬಿಗೂ ರೈತರ ಸಹಕಾರಿಗೂ ಉಪಯೋಗವಾಗಿದ್ದದ್ದನ್ನು 2000ದಲ್ಲಿ ಕೊಂಡು, ಮುಚ್ಚಿಹೋಗಿದ್ದ ಬೆನ್ ವೈವಿಸ್ ಡಿಸ್ಟಿಲರಿಯ ಹಂಡೆಗಳನ್ನು ತರಿಸಿ 2004ರಲ್ಲಿ ಬಟ್ಟಿ ಹಚ್ಚಿಸಿದವರು ಅವರೇ. ಊರಿನಲ್ಲಿ ಎರಡೇ ಡಿಸ್ಟಿಲರಿಗಳಿದ್ದರೆ ಕ್ಯಾಂಪ್‌ಬೆಲ್‌ಟೌನನ್ನು ಪ್ರತ್ಯೇಕ ವಿಸ್ಕಿ ಪ್ರದೇಶವೆಂದು ಎಣಿಸುವುದಿಲ್ಲ ಎಂಬ ಮಾತು ಕೇಳಿ ಮೂರನೆಯದನ್ನು ತೆರೆದರು ಎನ್ನುತ್ತಾರೆ. ಗ್ಲೆನ್‌ಗೈಲ್ ಎಂಬ ಹೆಸರು ಬೇರೆಯವರ ಸ್ವತ್ತಾಗಿದ್ದರಿಂದ ಅಲ್ಲಿಯ ವಿಸ್ಕಿ ಕಿಲ್‌ಕೆರನ್ ಎಂಬ ಹೆಸರಿನಲ್ಲಿ ಬಂತು.

ಅದೇ 2004ರ ಆಗಸ್ಟಿನಲ್ಲಿ ಗ್ಲಾಸ್ಗೋದ ಕೆಫೆ ಇಂಡಿಯಾದಲ್ಲಿ ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿತು. 1948ರಲ್ಲಿ ಶುರುವಾದ, ಜಗದಾಳೆ ಕುಟುಂಬದ ಕಂಪನಿ. ಸ್ಕಾಟ್‌ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾದರೆ ನಮ್ಮ ಬಿಸಿಲಿಗೆ ಹತ್ತಕ್ಕೂ ಹೆಚ್ಚು. ಭಾರತದ ವಿಸ್ಕಿಯೇ ಎಂದು ನನ್ನ ಸ್ಕಾಟಿಷ್ ಸಹೋದ್ಯೋಗಿಗಳು ನಕ್ಕರು. ಕೆಲವೇ ವರ್ಷಗಳಲ್ಲಿ ನಗು ನಿಂತಿತು. ಬೆಂಗಳೂರಿನಿಂದ ಇನ್ನೊಂದು ದಾರಿಯಲ್ಲೂ ಸ್ಕಾಟ್‌ಲೆಂಡಿಗೆ ಬಂದರು: 2007ರಲ್ಲಿ ವಿಜಯ್ ಮಲ್ಯರ ಯುಬಿ ಸಮೂಹ ಗ್ಲಾಸ್ಗೋದ ವೈಟ್ ಅಂಡ್ ಮಕಾಯ್ ಕಂಪನಿಯನ್ನು 59.5 ಕೋಟಿ ಪೌಂಡಿಗೆ ಕೊಂಡಿತು. 2014ರಲ್ಲಿ ಅದು 43 ಕೋಟಿಗೆ ಫಿಲಿಪೀನ್ಸಿನ ಎಂಪರಡೋರ್‌ ಪಾಲಾಯಿತು. ಕುಟುಂಬದ ಒಡೆತನ ಎಂದರೆ ಸಾಕು, ನಿಷ್ಠೆ ತಾನಾಗಿ ಬರುತ್ತದೆ ಎನ್ನುವವರಿಗೆ ಬೆಂಗಳೂರಿನ ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಡುತ್ತೇನೆ.

ನಿವೃತ್ತನಾದ ಮೇಲೆ ಮತ್ತೆ ಹೋದಾಗ ಸ್ಪ್ರಿಂಗ್‌ಬ್ಯಾಂಕ್ ನೋಡಲು ಮೊದಲೇ ಕಾದಿರಿಸಬೇಕಿತ್ತು. ಅಂಗಡಿ ತೆರೆಯುವ ಮುಂಚೆ ಹೊರಗೆ ಸಾಲು. ಜರ್ಮನಿಯವರು, ತೈವಾನಿನವರು, ಕೈಯಲ್ಲಿ ಫೋನ್ ಹಿಡಿದು ಹರಾಜಿನ ಬೆಲೆ ನೋಡುತ್ತಿದ್ದ ಹುಡುಗರು. ಒಳಗೆ ಒಬ್ಬರಿಗೆ ಇಷ್ಟೇ ಎಂಬ ಮಿತಿ. ಹಿಂದೆ ಅರೆಯ ಮೇಲೆ ಧೂಳು ತಿನ್ನುತ್ತಿದ್ದ ಹತ್ತು ವರ್ಷದ ವಿಸ್ಕಿ ಈಗ ಬರೆದ ಬೆಲೆಗೆ ಸಿಕ್ಕರೆ ಅದೃಷ್ಟ. 1919ರಲ್ಲಿ ಇಳಿಸಿ 1970ರಲ್ಲಿ ತುಂಬಿದ 24 ಬಾಟಲಿಗಳಲ್ಲಿ ಒಂದು ಹರಾಜಿನಲ್ಲಿ ಲಕ್ಷ ಪೌಂಡ್ ದಾಟಿದೆ. 2022ರ ನಂತರ ಈ ಹುಚ್ಚು ಸ್ವಲ್ಪ ಇಳಿದಿದೆ. ಆದರೂ ಊರಿಗೆ ಹೊಸ ಡಿಸ್ಟಿಲರಿಗಳ ಯೋಜನೆಗಳು ಪ್ರಕಟವಾಗಿವೆ. 1979ರ ದಾಸ್ತಾನನ್ನು ಕಂಡವರು ಈ ಉತ್ಸಾಹವನ್ನು ನಂಬುವುದು ಕಷ್ಟ.

ವೈದ್ಯನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ವಾರ್ಡಿನಲ್ಲಿ ಯಕೃತ್ತು ಕಳೆದುಕೊಂಡು ಮಲಗಿದ್ದವರು ಕುಡಿದದ್ದು ಅಗ್ಗದ ವೋಡ್ಕಾ ಮತ್ತು ಸೈಡರ್. ಸ್ಕಾಟ್‌ಲೆಂಡ್ 2018ರ ಮೇ 1ರಿಂದ ಮದ್ಯದ ಒಂದು ಯೂನಿಟ್ಟಿಗೆ ಕನಿಷ್ಠ 50 ಪೆನ್ಸ್ ಬೆಲೆ ಕಟ್ಟಿತು, 2024ರಲ್ಲಿ ಅದನ್ನು 65ಕ್ಕೆ ಏರಿಸಿತು. ಸ್ಕಾಚ್ ವಿಸ್ಕಿ ಸಂಘ ಕೋರ್ಟಿನಲ್ಲಿ ವರ್ಷಗಟ್ಟಲೆ ಆ ಕಾನೂನನ್ನು ತಡೆದಿತ್ತು. ಸುಂದರ ತಾಮ್ರದ ಹಂಡೆಗಳ ಚಿತ್ರ ಹಾಕುವ ಉದ್ಯಮದ ಇನ್ನೊಂದು ಮುಖ ಅದು.

ಹೆಡ್ಲಿ ರೈಟ್ 2023ರ ಆಗಸ್ಟಿನಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಂಪನಿ ದೊಡ್ಡವರ ಪಾಲಾಗದೆ ಸ್ವತಂತ್ರವಾಗಿ ಉಳಿಯಲೆಂದು ಟ್ರಸ್ಟ್‌ಗಳ ವ್ಯವಸ್ಥೆ ಮಾಡಿ ಹೋದರು. ಅಲ್ಲಿಗೆ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ಹಳೆಯ ಅರ್ಥದ ಮನೆತನದ ವ್ಯವಹಾರ ಒಂದು ಘಟ್ಟ ಮುಗಿಸಿತು ಎನ್ನಬಹುದು. ಅದಕ್ಕಾಗಿ ಕಣ್ಣೀರು ಹಾಕುವ ಕಾರಣವಿಲ್ಲ. ಯಂತ್ರವೇ ಎಲ್ಲ ನೋಡಿಕೊಳ್ಳುವ ಇಂದಿನ ಡಿಸ್ಟಿಲರಿಯಲ್ಲಿ ಒಂದು ಪಾಳಿಗೆ ಒಬ್ಬಿಬ್ಬರು ಸಾಕು. ಸಲಿಕೆ ಬಿಡದ ಈ ಕಂಪನಿ ಊರಿನ ನೂರರ ಆಸುಪಾಸಿನ ಜನಕ್ಕೆ ಸಂಬಳ ಕೊಡುತ್ತಿದೆ. ಹಡಗುಕಟ್ಟೆ, ವಾಯುನೆಲೆ ಹೋಗಿ ಮೀನುಗಾರಿಕೆ ಸೊರಗಿದ ಐದು ಸಾವಿರದ ಊರಿನಲ್ಲಿ ಅದು ಸಣ್ಣ ಮಾತಲ್ಲ. ಹರಾಜಿನ ಬೆಲೆ ನಾಳೆ ನೆಲಕಚ್ಚಬಹುದು, ಹಿಂದೆಯೂ ಕಚ್ಚಿದೆ. ಆ ಟ್ರಸ್ಟ್‌ಗಳು ಮಾತಿಗೆ ನಿಂತವೋ ಇಲ್ಲವೋ ಎಂಬುದನ್ನು ಅಳೆಯಬೇಕಾದದ್ದು ಬಾಟಲಿಯ ಬೆಲೆಯಿಂದಲ್ಲ, ಮುಂದಿನ ಕುಸಿತ ಬಂದಾಗ ಸಂಬಳದ ಪಟ್ಟಿಯಲ್ಲಿ ಎಷ್ಟು ಹೆಸರು ಉಳಿದಿವೆ ಎಂಬುದರಿಂದ.