ಕಂಚಿನಲ್ಲಿ ಒತ್ತಿದ ಮಾತು

ಆದಿಚುಂಚನಗಿರಿಯ ತಪ್ಪಲಿನಿಂದ ತೆಂಕಣ ದಾರಿಯನ್ನು ಹಿಡಿದು, ನಾಗಮಂಗಲವನ್ನು ದಾಟಿ ಶ್ರೀರಂಗಪಟ್ಟಣಕ್ಕೆ ಹೊರಟವರಿಗೆ ನಡುವೆ ಪಾಂಡವಪುರವು ಸಿಕ್ಕುವುದು. ಈ ಊರಿನ ಹಿಂದಿನ ಹೆಸರು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲಿಷರ ಬಾಯಲ್ಲಿ ಇದು ‘ಫ್ರೆಂಚ್ ರಾಕ್ಸ್’ ಎಂದಾಯಿತು. ಆ ಹೆಸರು ಈಗ ಅಳಿದಿದೆ. ಆದರೆ ಫ್ರೆಂಚರಿಗೂ ಈ ಸೀಮೆಗೂ ಇದ್ದ ನಂಟನ್ನು ನೆನಪಿಗೆ ತರುವ ಒಂದು ವಸ್ತು ಉಂಟು. ಪ್ರಾಚೀನ ನಾಣ್ಯಪದಕಗಳನ್ನು ಕೂಡಿಡುವವರು ಆದರದಿಂದ ಅರಸುವ ಆ ವಸ್ತುವೇ ಸಫ್ರೆನ್ ಎಂಬ ಫ್ರೆಂಚ್ ಮಹನೀಯನ ಗೌರವಾರ್ಥವಾಗಿ 1784ರಲ್ಲಿ ಹೊರಬಂದ ಪದಕ.

ಪಿಯೆರ್ ಆಂದ್ರೆ ದ ಸಫ್ರೆನ್ ಪ್ರೊವಾನ್ಸ್ ಪ್ರಾಂತದವನು, 1729ರಲ್ಲಿ ಜನಿಸಿದನು. ಹಿಂದೂ ಮಹಾಸಾಗರದಲ್ಲಿ ಫ್ರೆಂಚ್ ನೌಕಾಬಲದ ಅಧಿಪತಿಯಾಗಿ 1782 ಮತ್ತು 1783ರಲ್ಲಿ ಇಂಗ್ಲಿಷ್ ನೌಕಾಪತಿ ಹ್ಯೂಸನೊಡನೆ ಮತ್ತೆ ಮತ್ತೆ ಕಾದಿದನು. ಅವನು ಊರಿಗೆ ಹಿಂದಿರುಗಿದ ಬಳಿಕ ಪ್ರೊವಾನ್ಸಿನ ಪ್ರಾಂತಸಭೆಯವರು ಅವನಿಗೆ ಪದಕವನ್ನು ಸಮರ್ಪಿಸಿದರು. ಅಚ್ಚನ್ನು ಕೊರೆದವನು ಆಗಸ್ಟಿನ್ ದ್ಯುಪ್ರೆ. ಅಮೆರಿಕದ ಸ್ವಾತಂತ್ರ್ಯವನ್ನು ಕೊಂಡಾಡುವ ಪ್ರಸಿದ್ಧ ಪದಕದ ಅಚ್ಚೂ ಇವನ ಕೈಯದೇ. ಮುಂಬದಿಯಲ್ಲಿ ಸಫ್ರೆನ್ನನ ಮುಖ, ಸುತ್ತಲೂ ಅವನ ಬಿರುದುಗಳು. ಹಿಂಬದಿಯಲ್ಲಿರುವುದು ಬರಹ. ಅದರ ತಾತ್ಪರ್ಯವು ಹೀಗಿದೆ: ಕೇಪ್ ಸಂರಕ್ಷಿತವಾಯಿತು; ತ್ರಿಂಕೋಮಲೆ ಕೈವಶವಾಯಿತು; ಕಡಲೂರು ಬಿಡುಗಡೆ ಹೊಂದಿತು; ಹಿಂದೂದೇಶವು ರಕ್ಷಿಸಲ್ಪಟ್ಟಿತು; ಕೀರ್ತಿಕರವಾದ ಆರು ಕದನಗಳು ನಡೆದವು.

ನಾಗಮಂಗಲವು ಲೋಹದ ಎರಕಕ್ಕೆ ಹೆಸರಾದ ಊರು. ಅಲ್ಲಿಯ ಎರಕದವನ ಕೈಗೆ ಈ ಪದಕವನ್ನು ಕೊಟ್ಟರೆ, ಇದು ತಮ್ಮ ರೀತಿಯ ಕೆಲಸವಲ್ಲವೆಂದು ಅವನು ಒಡನೆಯೇ ಹೇಳುವನು. ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣನ್ನು ಮೆತ್ತಿ, ಮೇಣವನ್ನು ಕರಗಿಸಿ, ಆ ಪೊಳ್ಳಿಗೆ ಲೋಹವನ್ನು ಹೊಯ್ಯುವುದು ವಿಗ್ರಹ ಮಾಡುವವರ ಕ್ರಮ. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಈ ವಿಧಾನವು ವಿವರಿಸಲ್ಪಟ್ಟಿದೆ. ಒಂದು ಮಣ್ಣಿನ ಅಚ್ಚಿಗೆ ಒಂದೇ ವಿಗ್ರಹ. ಅದನ್ನು ಒಡೆದಲ್ಲದೆ ವಿಗ್ರಹವು ಹೊರಬಾರದು. ಪದಕದ ಕ್ರಮ ಬೇರೆ. ಉಕ್ಕಿನ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆಯನ್ನಿಟ್ಟು ಯಂತ್ರದಿಂದ ಒತ್ತುವರು. ಅಚ್ಚು ಉಳಿದಿರುವವರೆಗೆ ಅದೇ ಮುಖ, ಅದೇ ಮಾತು ಎಷ್ಟು ಸಲವಾದರೂ ಹುಟ್ಟಬಹುದು. ಪ್ಯಾರಿಸಿನ ಟಂಕಸಾಲೆಯವರು ಹಳೆಯ ಅಚ್ಚುಗಳಿಂದ ಪದಕಗಳನ್ನು ಮರಳಿ ಒತ್ತುವುದುಂಟು. 1832ರಿಂದೀಚೆಗೆ ಅಂಥವುಗಳ ಅಂಚಿನಲ್ಲಿ ಕಾಲಾನುಸಾರವಾಗಿ ದೀಪ, ಲಂಗರು, ಹಡಗಿನ ಮೂತಿ, ಕೈ, ಜೇನ್ನೊಣ ಮೊದಲಾದ ಗುರುತುಗಳನ್ನು ಹಾಕುತ್ತ ಬಂದರು. ಆದುದರಿಂದ ಬಲ್ಲವರು ಮೊದಲು ನೋಡುವುದು ಮುಖವನ್ನಲ್ಲ, ಅಂಚನ್ನು.

ಅಂಚನ್ನು ನೋಡಿದ ಮೇಲೆ ಬರಹಕ್ಕೆ ಬರಬೇಕು. ‘ಹಿಂದೂದೇಶವು ರಕ್ಷಿಸಲ್ಪಟ್ಟಿತು’ ಎಂದರೆ ಯಾರಿಂದ, ಯಾರಿಗಾಗಿ? 1782ರಲ್ಲಿ ಫ್ರೆಂಚರ ದಂಡು ಪೋರ್ಟೊನೋವೊದಲ್ಲಿ ಇಳಿದಾಗ ಕರ್ಣಾಟಕದ ಬಯಲಿನಲ್ಲಿ ಎರಡು ವರ್ಷಗಳಿಂದ ಇಂಗ್ಲಿಷರೊಡನೆ ಕಾದುತ್ತಿದ್ದವರು ಮೈಸೂರಿನವರು. ಕಡಲೂರು ಮೊದಲು ಕೈವಶವಾದುದೂ ಈ ಉಭಯರ ಕೂಟದಿಂದಲೇ. ಅದೇ ವರ್ಷ ಜುಲೈ ತಿಂಗಳಿನಲ್ಲಿ ಸಫ್ರೆನ್ ದಡಕ್ಕಿಳಿದು ಹೈದರಾಲಿಯನ್ನು ಅವನ ಪಾಳೆಯದಲ್ಲಿಯೇ ಕಂಡನು. ಹೈದರನು ಅವನನ್ನು ರಾಜಮರ್ಯಾದೆಯಿಂದ ಬರಮಾಡಿಕೊಂಡನು. ಡಿಸೆಂಬರ್ 7ರಂದು ಹೈದರನು ಚಿತ್ತೂರಿನ ಸಮೀಪದಲ್ಲಿ ತೀರಿಕೊಂಡನು. ಮರುವರ್ಷ ಜೂನ್ 20ರಂದು ಸಫ್ರೆನ್ ಕಡಲೂರಿನೆದುರು ಕೊನೆಯ ಕದನವನ್ನು ಮಾಡಿದನು. ಯೂರೋಪಿನಲ್ಲಿ ಅದೇ ಜನವರಿಯಲ್ಲಿಯೇ ಸಂಧಿಯ ಪೂರ್ವಪತ್ರಗಳಿಗೆ ಸಹಿ ಬಿದ್ದಿತ್ತು. ಆ ಸುದ್ದಿ ಹಡಗಿನಲ್ಲಿ ಇನ್ನೂ ಬಂದು ಮುಟ್ಟಿರಲಿಲ್ಲ, ಅಷ್ಟೆ.

ಸುದ್ದಿ ಬಂದೊಡನೆ ಫ್ರೆಂಚರು ಕೈಯನ್ನು ಹಿಂದೆಗೆದರು. ಮಂಗಳೂರಿನ ಕೋಟೆಯನ್ನು ಮುತ್ತಿದ್ದ ಟಿಪ್ಪುವಿನ ಜೊತೆಯಲ್ಲಿದ್ದ ಅವರ ದಳವೂ ಹೊರಟುಹೋಯಿತು. ಉಳಿದ ಕೆಲಸವನ್ನು ಟಿಪ್ಪು ಒಬ್ಬನೇ ಮುಗಿಸಿ, 1784ರ ಮಾರ್ಚ್ 11ರಂದು ಮಂಗಳೂರಿನ ಕೌಲಿಗೆ ಒಪ್ಪಿದನು. ಪದಕದ ಮೇಲಿರುವ ವರ್ಷವೂ 1784. ಸಫ್ರೆನ್ನನ ಪರಾಕ್ರಮದಲ್ಲಿ ಲೋಪವನ್ನು ಎಣಿಸಬೇಕಾಗಿಲ್ಲ. ಶತ್ರುಗಳಾದ ಇಂಗ್ಲಿಷರೇ ಅವನ ಯುದ್ಧಚಾತುರ್ಯವನ್ನು ಮೆಚ್ಚಿದ್ದಾರೆ. ಆದರೆ ಪದಕದಲ್ಲಿ ಮೈಸೂರಿನ ಹೆಸರಿಲ್ಲ.

ಈ ಸೀಮೆಯ ಲೋಹದ ಬರಹಗಳ ರೀತಿ ಬೇರೆ. ನಾಗಮಂಗಲದ ಬಳಿಯ ದೇವರಹಳ್ಳಿಯಲ್ಲಿ ದೊರೆತ ಗಂಗರ ಶ್ರೀಪುರುಷನ ತಾಮ್ರಶಾಸನವು ಶಕವರ್ಷ 698ರದು, ಅಂದರೆ ಕ್ರಿಸ್ತಶಕ 776ರ ಸುಮಾರಿನದು. ಅದೂ ರಾಜನ ವಂಶವನ್ನು ಧಾರಾಳವಾಗಿ ಹೊಗಳುತ್ತದೆ. ಆದರೆ ಅಷ್ಟಕ್ಕೆ ನಿಲ್ಲದೆ, ಜಿನಾಲಯವನ್ನು ಕಟ್ಟಿಸಿದ ಕುಂದಾಚ್ಚಿ ಎಂಬ ಹೆಂಗಸಿನ ಹೆಸರನ್ನೂ, ದತ್ತಿಯಾದ ಊರನ್ನೂ ದಾಖಲಿಸುತ್ತದೆ. ಕೊಟ್ಟವನಾರು, ಪಡೆದವನಾರು, ಎಲ್ಲೆ ಯಾವುದು, ಸಾಕ್ಷಿ ಯಾರು ಎಂಬುದನ್ನು ಹೇಳುವುದೇ ತಾಮ್ರಶಾಸನದ ಧರ್ಮ. ಪದಕಕ್ಕೆ ಎಲ್ಲೆಯೂ ಇಲ್ಲ, ಸಾಕ್ಷಿಯೂ ಇಲ್ಲ; ಸ್ತುತಿ ಮಾತ್ರವೇ ಉಂಟು.

ಮುಂದಿನ ಕಥೆಯನ್ನು ಹೇಳುವುದು ಇನ್ನೊಂದು ಪದಕ. ಟಿಪ್ಪುವಿನ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸಿಗೆ ಹೋದರು. ಹದಿನಾರನೆಯ ಲೂಯಿ ದೊರೆಯು ಆಗಸ್ಟ್ 10ರಂದು ಅವರಿಗೆ ವೈಭವದಿಂದ ದರ್ಶನವನ್ನಿತ್ತನು. ಪಿಂಗಾಣಿಯ ಸಾಮಾನುಗಳನ್ನು ಉಡುಗೊರೆಯಾಗಿ ಕೊಟ್ಟನು. ಬೇಡಿದ ಸೈನ್ಯವನ್ನು ಕೊಡಲಿಲ್ಲ. 1798ರಲ್ಲಿ ಮಾರಿಷಸ್ ದ್ವೀಪದಿಂದ ಬಂದವರು ನೂರು ಮಂದಿಯಷ್ಟೇ. ಇಂಗ್ಲಿಷರಿಗೆ ಯುದ್ಧವನ್ನು ಹೂಡಲು ಅದೇ ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಕಂಪೆನಿಯವರು ಅದಕ್ಕಾಗಿ ಬರ್ಮಿಂಗಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಕ್ಯೂಖ್ಲರ್ ಎಂಬವನು ಕೊರೆದ ಅಚ್ಚಿನಿಂದ ಪದಕವನ್ನು ಒತ್ತಿಸಿ 1808ರಲ್ಲಿ ಹಂಚಿದರು. ಒಂದು ಬದಿಯಲ್ಲಿ ಸಿಂಹವು ಹುಲಿಯನ್ನು ಕೆಡವಿದೆ. ಇನ್ನೊಂದು ಬದಿಯಲ್ಲಿ ನಡುಹಗಲ ಸೂರ್ಯನ ಕೆಳಗೆ ಕೋಟೆಯ ಬಿರುಕಿಗೆ ನುಗ್ಗುವ ದಂಡು. ಸಿಂಹದ ಮೇಲಿನ ಧ್ವಜದಲ್ಲಿ ‘ದೇವರ ಸಿಂಹವೇ ಜಯಶಾಲಿ’ ಎಂಬರ್ಥದ ಅರಬ್ಬೀ ಮಾತಿದೆ. ಟಿಪ್ಪುವಿನ ಆಯುಧಗಳ ಮೇಲೆಯೂ ಇದೇ ಮಾತು ಕಾಣುವುದು. ಸೋತವನ ಮಾತನ್ನೇ ಗೆದ್ದವರು ತಮ್ಮದಾಗಿಸಿಕೊಂಡರು. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಬೆಳ್ಳಿ, ಹವಾಲ್ದಾರನಂಥವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರದ ಬಿಲ್ಲೆ. ಬಿರುಕನ್ನೇರಿದ ರಕ್ತಕ್ಕೆ ಲೋಹದಲ್ಲಿಯೂ ತಾರತಮ್ಯವನ್ನು ಎಣಿಸಲಾಯಿತು.

ಎರಡು ಪದಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹದಿನೈದು ವರ್ಷಗಳ ಮೈಸೂರಿನ ದೈವಗತಿಯು ಕಣ್ಣಿಗೆ ಕಟ್ಟುತ್ತದೆ. ಮಿತ್ರನು ಒತ್ತಿಸಿದ ಪದಕದಲ್ಲಿ ಮೈಸೂರಿನವರ ಸುಳಿವಿಲ್ಲ. ಶತ್ರುವು ಒತ್ತಿಸಿದ ಪದಕದಲ್ಲಿ ಅವರು ಸಿಂಹದ ಕಾಲ ಕೆಳಗಿನ ಹುಲಿ. ತಮ್ಮ ಮಾತನ್ನು ತಾವೇ ಒತ್ತಿಸಿಕೊಳ್ಳುವ ಅವಕಾಶ ಆ ಸಿಪಾಯಿಗಳಿಗಾಗಲಿ, ದಂಡು ತುಳಿದ ಹೊಲಗಳ ಒಕ್ಕಲುಮಕ್ಕಳಿಗಾಗಲಿ ಒದಗಲಿಲ್ಲ.

ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಇಂಥ ಬಿಲ್ಲೆಗಳು ಎಲ್ಲಿಯಾದರೂ ಇದ್ದರೆ, ಅವುಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಬಾರದು. ದೇವರ ಮನೆಯ ಪಾತ್ರೆಗೆ ಅದು ಒಪ್ಪುವ ಉಪಚಾರ. ಹಳೆಯ ಪದಕಕ್ಕೆ ಅಪಚಾರ. ಕಾಲವು ಕೊಟ್ಟ ಕಂದುಬಣ್ಣವು ಹೋದರೆ ಬೆಲೆಯೂ ಹೋಗುತ್ತದೆ, ಗೆರೆಗಳೂ ಸವೆಯುತ್ತವೆ. ಒಣಬಟ್ಟೆಯಲ್ಲಿ ಸುತ್ತಿ, ತೇವ ತಗಲದಂತೆ ಇಟ್ಟರೆ ಸಾಕು. ಆಗಾಗ ಹೊರತೆಗೆದು ಮನೆಯ ಹುಡುಗರ ಕೈಯಲ್ಲಿಟ್ಟು, ಎರಡು ಮುಖಗಳನ್ನೂ ಅಂಚನ್ನೂ ಓದಿಸಿ, ಬಳಿಕ ಇದರಲ್ಲಿ ಯಾರ ಹೆಸರಿಲ್ಲವೆಂದು ಕೇಳಬೇಕು. ಪಾಂಡವಪುರದ ಬಂಡೆಗಳನ್ನೂ ಶ್ರೀರಂಗಪಟ್ಟಣದ ಕೋಟೆಯ ಬಿರುಕನ್ನೂ ಕಂಡಿರುವ ಹುಡುಗರಿಗೆ ಉತ್ತರವನ್ನು ಹೇಳಿಕೊಡಬೇಕಾದ ಅವಶ್ಯಕತೆ ಇರಲಾರದು.