ಅಬೋಲ್, ತೋನಾ, ಬೆರೆಕಾ

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಎದುರು ಮನೆಯಿಂದ ಹೊಗೆ ಬರುತ್ತಿತ್ತು. ಏನೋ ಸೀದುಹೋಗಿದೆ ಎಂದುಕೊಂಡು ಓಡಿದೆ. ಬಾಗಿಲು ತೆರೆದೇ ಇತ್ತು. ಒಳಗೆ ನೆಲದಿಂದ ಒಂದು ಗೇಣು ಎತ್ತರದ ಸ್ಟೂಲಿನ ಮೇಲೆ ಕೂತು, ಕರೆಂಟ್ ಒಲೆಯ ಮೇಲೆ ಕಬ್ಬಿಣದ ಬಾಣಲೆಯಿಟ್ಟು, ಆಕೆ ಹಸಿ ಕಾಫಿ ಬೀಜ ಹುರಿಯುತ್ತಿದ್ದರು. ನನ್ನನ್ನು ಕಂಡವರೇ ಬಾಣಲೆ ಎತ್ತಿ ತಂದು ನನ್ನ ಮುಖದ ಮುಂದೆ ಹಿಡಿದರು. ನಾನು ಗಾಬರಿಯಾಗಿ ಹಿಂದೆ ಸರಿದೆ. ಹುರಿದ ಬೀಜದ ಹೊಗೆಯನ್ನು ಬಂದವರು ಅಂಗೈಯಿಂದ ಮುಖಕ್ಕೆ ಎಳೆದುಕೊಳ್ಳಬೇಕಂತೆ, ನಾವು ಮಂಗಳಾರತಿ ತೆಗೆದುಕೊಳ್ಳುವ ಹಾಗೆ. ಅದು ನನಗೆ ತಿಳಿದದ್ದು ಆಮೇಲೆ.

ನಾನು ಆಗ ಅಮೃತಹಳ್ಳಿಯ ಕೆರೆಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ, ಮೂರನೇ ಮಹಡಿಯ ಒಂದು ಕೋಣೆಯ ಮನೆಯಲ್ಲಿದ್ದೆ. ಬಳ್ಳಾರಿ ರಸ್ತೆ ದಾಟಿದರೆ ಜಿಕೆವಿಕೆ. ನನ್ನದು ಮಣ್ಣಿನ ಮೇಲಿನ ಪಿಎಚ್.ಡಿ. ಆಕೆಯೂ ಅಲ್ಲೇ, ರಾಗಿಯ ಬೆಂಕಿ ರೋಗದ ಮೇಲೆ. ಊರಲ್ಲಿ ವಿಶ್ವವಿದ್ಯಾಲಯದ ಮೇಷ್ಟ್ರು. ಒಂಬತ್ತು ವರ್ಷದ ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಹಾಗಾಗಿ ನಾನು ಅಕ್ಕ ಅನ್ನುತ್ತಿದ್ದೆ. ಅವರು ನನ್ನನ್ನು 'ಇಹ್ತೆ' ಅನ್ನುತ್ತಿದ್ದರು. ಅಮ್ಹಾರಿಕ್‌ನಲ್ಲಿ 'ನನ್ನ ತಂಗಿ' ಎಂದೂ ಆಗುತ್ತದೆ, 'ನನ್ನ ಅಕ್ಕ' ಎಂದೂ ಆಗುತ್ತದೆ.

ಆ ಮನೆ ಸಿಗುವ ಮೊದಲು ಅವರು ಹನ್ನೊಂದು ಮನೆ ನೋಡಿದ್ದರಂತೆ. ಫೋನಿನಲ್ಲಿ 'ಬನ್ನಿ' ಅಂದವರು ಗೇಟಿನಲ್ಲಿ ಮುಖ ಕಂಡ ಕೂಡಲೇ 'ಈಗಷ್ಟೇ ಕೊಟ್ಟುಬಿಟ್ವಿ' ಅಂದಿದ್ದರು. ಇನ್ನು ಕೆಲವೆಡೆ 'ವೆಜಿಟೇರಿಯನ್ಸ್ ಓನ್ಲಿ' ಬೋರ್ಡು. ಅಕ್ಕನಿಗೆ ಇದು ನಗು ಬರಿಸುತ್ತಿತ್ತು. ಅವರ ಚರ್ಚಿನ ಪ್ರಕಾರ ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮುಂಚಿನ 55 ದಿನ, ಇನ್ನೂ ಏನೇನೋ ಸೇರಿ ವರ್ಷದ ಅರ್ಧದಷ್ಟು ದಿನ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ತುಪ್ಪ ಕೂಡ ಇಲ್ಲ. ಬಾಡಿಗೆಗೆ ಎರಡು ಸಾವಿರ ಸೇರಿಸಿ ಹನ್ನೆರಡನೆಯವರು ಒಪ್ಪಿದರು.

ಕಾಫಿಗೆ ಅವರು 'ಬುನಾ' ಅನ್ನುತ್ತಾರೆ. ಹುರಿದ ಬೀಜವನ್ನು ಒರಳಲ್ಲಿ ಕುಟ್ಟಬೇಕು. ಮಿಕ್ಸಿ ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ಆಗುತ್ತೆ, ಆದರೆ ಆ ಸದ್ದಿಗೆ ಯಾರೂ ಬರುವುದಿಲ್ಲ ಅಂದರು. ಕುಟ್ಟುವ ಸದ್ದು ಕೇಳಿದರೆ ಅವರ ಊರಲ್ಲಿ ಅಕ್ಕಪಕ್ಕದವರಿಗೆ ಬೇರೆ ಕರೆಯ ಅಗತ್ಯವಿಲ್ಲವಂತೆ. ಅಡಿ ಗುಂಡಗೆ, ಕತ್ತು ಉದ್ದ, ಕರಿಮಣ್ಣಿನ ಪಾತ್ರೆ 'ಜಬೆನಾ'. ಸೂಟ್‌ಕೇಸಿನಲ್ಲಿ ಸ್ವೆಟರುಗಳ ನಡುವೆ ಸುತ್ತಿ ತಂದದ್ದು. ಅದರಲ್ಲಿ ನೀರು ಕುದಿಸಿ, ಪುಡಿ ಹಾಕಿ, ಉಕ್ಕಿ ಬಂದಾಗ ಇಳಿಸಿ, ಗಸಿ ತಳಕ್ಕೆ ಕೂರಲು ಬಿಡಬೇಕು. ಪಕ್ಕದಲ್ಲಿ ಧೂಪ. ಊರಿಂದ ತಂದ 'ಎತಾನ್' ಮುಗಿದ ಮೇಲೆ ನಮ್ಮ ಬೀದಿ ಕೊನೆಯ ಅಂಗಡಿಯ ಸಾಂಬ್ರಾಣಿ. ತಿನ್ನಲು ಪಾಪ್‌ಕಾರ್ನ್. ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ, ಜಬೆನಾವನ್ನು ಎತ್ತರಕ್ಕೆತ್ತಿ, ಧಾರೆ ಕಡಿಯದಂತೆ ಸುರಿಯುತ್ತಾರೆ. ಮೊದಲ ಸುತ್ತು ಅಬೋಲ್. ಅದೇ ಗಸಿಗೆ ಮತ್ತೆ ನೀರು ಹಾಕಿ ಕುದಿಸಿದರೆ ಎರಡನೆಯದು, ತೋನಾ. ಇನ್ನೊಮ್ಮೆ ಕುದಿಸಿದರೆ ಮೂರನೆಯದು, ಬೆರೆಕಾ. ಅಂದರೆ ಆಶೀರ್ವಾದ.

ನಾನು ಆವತ್ತು ಅಬೋಲ್ ಕುಡಿದು, 'ಥ್ಯಾಂಕ್ಸ್ ಅಕ್ಕಾ, ಚಾಪ್ಟರ್ ಬಾಕಿ ಇದೆ' ಎಂದು ಎದ್ದೆ. ಬೈ-ಟು ಹೇಳಿ ನಿಂತಲ್ಲೇ ಎರಡು ನಿಮಿಷಕ್ಕೆ ಕುಡಿದು ಮುಗಿಸುವ ಊರಿನವಳು ನಾನು. ಬೆರೆಕಾ ಕುಡಿಯದೆ ಎದ್ದು ಹೋಗುವುದೆಂದರೆ ಊಟದ ಮಧ್ಯೆ ಎಲೆ ಬಿಟ್ಟು ಎದ್ದ ಹಾಗೆ ಎಂದು ಅವರು ಹೇಳಲಿಲ್ಲ. ಸುಮ್ಮನೆ ನಕ್ಕರು.

ಕಾಫಿಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಬೆಳೆಯುವುದು ಕರ್ನಾಟಕವೇ ಎಂದೆ. ಬಾಬಾಬುಡನ್ ಮೋಖಾದಿಂದ ಏಳು ಬೀಜ ಬಚ್ಚಿಟ್ಟು ತಂದ ಕತೆ ಹೇಳಿದೆ. ಪೂರ್ತಿ ಕೇಳಿದ ಮೇಲೆ, 'ಮೋಖಾಕ್ಕೆ ಎಲ್ಲಿಂದ ಹೋಯಿತು?' ಅಂದರು. ಅರೇಬಿಕಾ ಕಾಡುಗಿಡವಾಗಿ ಬೆಳೆದದ್ದು ಇಥಿಯೋಪಿಯಾದ ನೈಋತ್ಯದ ಕಾಡುಗಳಲ್ಲಿ. ಅಲ್ಲೊಂದು ಸೀಮೆಯ ಹೆಸರೇ ಕಾಫಾ. ನಾನು ಪ್ರತೀಕಾರಕ್ಕೆ ಒಳ್ಳೆಯ ಫಿಲ್ಟರ್ ಕಾಫಿ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು, ಹಾಲು, ಸಕ್ಕರೆ, ಚಿಕೋರಿ ಎಲ್ಲವನ್ನೂ ಯೋಚಿಸಿ, 'ಪಾಯಸ ಚೆನ್ನಾಗಿದೆ' ಅಂದರು.

ಅಡುಗೆ ಕಲಿತದ್ದು ಹೊಟ್ಟೆಪಾಡಿಗೆ. ಇಬ್ಬರದೂ ಒಂಟಿ ಮನೆ. ಒಂದು ದಿನ ಅವರು, ಒಂದು ದಿನ ನಾನು. ಅವರ 'ವೊತ್' ನಮ್ಮ ಗಟ್ಟಿ ಹುಳಿಯ ದಾಯಾದಿ. ವ್ಯತ್ಯಾಸ ಈರುಳ್ಳಿಯಲ್ಲಿ. ಸಣ್ಣಗೆ ಕೊಚ್ಚಿದ ರಾಶಿ ಈರುಳ್ಳಿಯನ್ನು ಎಣ್ಣೆಯಿಲ್ಲದೆ ಒಣ ಪಾತ್ರೆಗೆ ಹಾಕಿ, ತನ್ನ ನೀರಲ್ಲೇ ಬೆಂದು ಮುದ್ದೆಯಾಗುವ ತನಕ ಕೈಯಾಡಿಸುತ್ತಲೇ ಇರಬೇಕು. ಅರ್ಧ ಗಂಟೆ ಬೇಕು. ಎಣ್ಣೆ ಆಮೇಲೆ. ನಂತರ ಅವರಮ್ಮ ಕಳಿಸಿದ 'ಬೆರ್ಬೆರೆ' ಪುಡಿ. ಅದರಲ್ಲಿ ಒಣಮೆಣಸಿನಕಾಯಿ, ಮೆಂತ್ಯ, ಶುಂಠಿ, ಬೆಳ್ಳುಳ್ಳಿ, ಓಮ. ಇನ್ನು ಕೊರೆರಿಮಾ ಎಂಬ ಅವರದೇ ದೊಡ್ಡ ಏಲಕ್ಕಿ. ಸಾರಿನ ಪುಡಿಗೆ ಓಮ ಹಾಕುವುದನ್ನು ನಮ್ಮಮ್ಮ ಕಂಡರೆ ಬಾಣಂತಿ ಮನೆಯ ಅಡುಗೆ ಅನ್ನುತ್ತಿದ್ದಳು. ಕೆಂಪು ಬೇಳೆ ಹಾಕಿದರೆ ಮಿಸಿರ್ ವೊತ್. ಮಸಾಲೆ ಬೆರೆಸಿದ ಕಡಲೆ ಹಿಟ್ಟನ್ನು ಗಂಟಿಲ್ಲದಂತೆ ಕುದಿಸಿದರೆ ಶಿರೊ.

ಇಂಜೆರಾಕ್ಕೆ 'ತೆಫ್' ಎಂಬ ಧಾನ್ಯದ ಹಿಟ್ಟು ಬೇಕು. ರಾಗಿಗಿಂತ ಎಷ್ಟೋ ಸಣ್ಣ ಕಾಳು. ತಂದದ್ದು ನಾಲ್ಕು ತಿಂಗಳಿಗೆ ಮುಗಿಯಿತು. ಆಗ ಅಕ್ಕ ರಾಗಿ ಹಿಟ್ಟಿಗೆ ಕೈ ಹಾಕಿದರು. ಅವರ ಊರಿನ ಕಡೆ ರಾಗಿಗೆ 'ದಾಗುಸಾ' ಎಂದು ಹೆಸರು, ಇಂಜೆರಾಕ್ಕೆ ಅದನ್ನೂ ಬೆರೆಸುತ್ತಾರೆ. ಹಿಟ್ಟು ಕಲಸಿ ಮೂರು ದಿನ ಹುಳಿಯಲು ಬಿಟ್ಟು, ಮೇಲೆ ತೇಲುವ ಹಳದಿ ನೀರನ್ನು ಬಸಿದು ಮುಂದಿನ ಸಲಕ್ಕೆ ಹೆಪ್ಪಿಗೆ ಎತ್ತಿಡುತ್ತಾರೆ. ಸ್ವಲ್ಪ ಹಿಟ್ಟನ್ನು ಗಂಜಿಯಂತೆ ಬೇಯಿಸಿ ಮತ್ತೆ ಅದಕ್ಕೇ ಸೇರಿಸುತ್ತಾರೆ. ಹೊರಗಿನಿಂದ ಒಳಕ್ಕೆ ಸುತ್ತು ಹಾಕಿ ಹೊಯ್ದು, ಮುಚ್ಚಳ ಮುಚ್ಚಿ, ತಿರುವಿ ಹಾಕದೆ ಬೇಯಿಸುತ್ತಾರೆ. ಮೇಲೆ ಮೂಡುವ ತೂತುಗಳಿಗೆ ಅವರ ಭಾಷೆಯಲ್ಲಿ ಕಣ್ಣು ಎಂದೇ ಹೆಸರು. ನನ್ನ ಮೊದಲ ಇಂಜೆರಾದಲ್ಲಿ ಕಣ್ಣೇ ಇರಲಿಲ್ಲ. ಎಲ್ಲರ ಮನೆ ದೋಸೆಯೂ ತೂತು ಎಂಬ ಗಾದೆಯ ಅರ್ಥ ಹೇಳಿದಾಗ ಅವರು ಒಪ್ಪಲಿಲ್ಲ. ತೂತಿದ್ದರೆ ತಾನೇ ಅದು ದೋಸೆ, ದೂರು ಯಾಕೆ?

ಮೊದಲ ಊಟದ ದಿನದ ಒಂದು ಸಂಗತಿಯನ್ನು ಬಿಟ್ಟು ಮುಂದೆ ಬಂದೆ. ಒಂದೇ ದೊಡ್ಡ ತಟ್ಟೆ. ಅದರ ತುಂಬ ಹಾಸಿದ ಇಂಜೆರಾ, ಮೇಲೆ ಗುಡ್ಡೆ ಗುಡ್ಡೆ ಪಲ್ಯ, ಬೇಳೆ. ಇಬ್ಬರೂ ಅದರಲ್ಲೇ ತಿನ್ನಬೇಕು. ನಾನು ನನ್ನ ಕಡೆಯ ಅಂಚಿನಲ್ಲೇ ಹುಷಾರಾಗಿ ಮುರಿಯುತ್ತಿದ್ದೆ. ಅಷ್ಟರಲ್ಲಿ ಅವರು ಒಂದು ತುಂಡಿನಲ್ಲಿ ಶಿರೊ ಸುತ್ತಿ ನನ್ನ ಬಾಯಿಯ ಹತ್ತಿರ ತಂದರು. ಇದು ಗುರ್ಷಾ. ಬಂದವರಿಗೆ ತನ್ನ ಕೈಯಿಂದ ಉಣ್ಣಿಸುವ ತುತ್ತು. ನನ್ನ ತಲೆ ತಾನಾಗಿ ಪಕ್ಕಕ್ಕೆ ಹೊರಳಿತು. 'ಹೊಟ್ಟೆ ತುಂಬಿತು' ಅಂದೆ. ತುಂಬಿರಲಿಲ್ಲ. ಅವರು ಆ ತುತ್ತನ್ನು ತಟ್ಟೆಯ ಅಂಚಿನಲ್ಲಿಟ್ಟರು. ಊಟ ಮುಗಿದಾಗಲೂ ಅದು ಅಲ್ಲೇ ಇತ್ತು.

ರಾತ್ರಿ ನಿದ್ದೆ ಬರಲಿಲ್ಲ. ಕೈತುತ್ತು ಕಾಣದವಳಲ್ಲ ನಾನು. ಚನ್ನರಾಯಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜಿ ಜಗುಲಿಯಲ್ಲಿ ಮೊಮ್ಮಕ್ಕಳನ್ನು ಸುತ್ತ ಕೂರಿಸಿ, ಒಂದೇ ಬೋಗುಣಿಯಿಂದ ಎಲ್ಲರ ಬಾಯಿಗೂ ಇಡುತ್ತಿದ್ದಳು. ಯಾರ ಎಂಜಲು ಯಾರದೋ. ಅದೇ ಅಜ್ಜಿ ಹೊಲದ ಕೆಲಸಕ್ಕೆ ಬಂದವರಿಗೆ ಕಾಫಿ ಕೊಡುತ್ತಿದ್ದದ್ದು ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟಿದ್ದ ಲೋಟಗಳಲ್ಲಿ. ಕುಡಿದವರೇ ತೊಳೆದು ಮತ್ತೆ ಅಲ್ಲೇ ಕವುಚಿಡಬೇಕಿತ್ತು. ಅಜ್ಜಿ ಎತ್ತರದಿಂದ ಸುರಿಯುತ್ತಿದ್ದಳು, ಧಾರೆ ಕಡಿಯದಂತೆ. ಅಕ್ಕ ಜಬೆನಾ ಎತ್ತಿದಾಗಲೆಲ್ಲ ನನಗೆ ಆ ಗೂಡು ನೆನಪಾಗುತ್ತಿತ್ತು. ಹೇಳಿಕೊಳ್ಳಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದವಳು ಅಮ್ಮ ಮಾಡಿದ ಹುಚ್ಚೆಳ್ಳು ಚಟ್ನಿಪುಡಿ ತಂದೆ. ಡಬ್ಬಿ ತೆರೆದು ಮೂಸಿದ್ದೇ ತಡ, ಅಕ್ಕ 'ನುಗ್!' ಎಂದು ಕೂಗಿ ನೆಲದ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು. ಹುಚ್ಚೆಳ್ಳಿನ ಶಾಸ್ತ್ರೀಯ ಹೆಸರು ಗಿಜೋಟಿಯಾ ಅಬಿಸಿನಿಕಾ; ಅಬಿಸಿನಿಯಾ ಎಂದರೆ ಇಥಿಯೋಪಿಯಾದ ಹಳೆಯ ಹೆಸರು. ಡಿಗ್ರಿಯಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ನಮ್ಮ ಹೊಲದ ಫೋಟೊ ತೋರಿಸಿದೆ. ರಾಗಿಯ ನಡುವೆ ಅಕ್ಕಡಿ ಸಾಲು, ಸಾಲಿನ ತುಂಬ ಹುಚ್ಚೆಳ್ಳಿನ ಹಳದಿ ಹೂ. ಅಪ್ಪ ಇದಕ್ಕಿಂತ ನಮ್ಮದು ಎನ್ನುವಂಥದ್ದು ಇನ್ನೇನಿದೆ ಎಂಬಂತೆ ಆ ಹೊಲವನ್ನು ತೋರಿಸುತ್ತಾನೆ. ಎರಡೂ ಪೂರ್ವ ಆಫ್ರಿಕಾದ ಎತ್ತರದ ನೆಲದವು. ಸಾವಿರಾರು ವರ್ಷದ ಹಿಂದೆ ಬಂದದ್ದಷ್ಟೇ ಅಲ್ಲ, ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ತೆಗೆದ ತಳಿಗಳ ಹೆಸರೇ ಇಂಡಾಫ್, ಇಂಡಿಯಾ ಮತ್ತು ಆಫ್ರಿಕಾ. ಇಂಡಾಫ್ ಅಂದರೆ ಯಾವುದೋ ಬೀಜದ ಕಂಪನಿ ಎಂದು ತಿಳಿದವರು ನಮ್ಮೂರಲ್ಲಿ ಇದ್ದಾರೆ.

ಆ ಸಂಜೆ ಅಕ್ಕ ಮತ್ತೆ ತುತ್ತು ಕಟ್ಟಿದರು. ಈ ಸಲ ಬಾಯಿ ತೆರೆದೆ. ಅದು ದೊಡ್ಡದಿತ್ತು, ಕೆಮ್ಮು ಬಂತು. ಗುರ್ಷಾನೂ ಪ್ರೀತಿನೂ ಉಸಿರು ಕಟ್ಟಿಸಬೇಕು ಎಂಬುದು ಅವರ ಕಡೆಯ ಗಾದೆ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ಭಾನುವಾರ ಓನರ್ ಆಂಟಿ ಮೇಲೆ ಬಂದರು. ಕೆಳಗಿನ ಮನೆಯವರೂ ಜೊತೆಗಿದ್ದರು. ಹೊಗೆ, ವಾಸನೆ, ಕುಟ್ಟುವ ಸದ್ದು, 'ಯಾರ್‌ಯಾರೋ ಬರ್ತಾರೆ'. ಬರುತ್ತಿದ್ದದ್ದು ಇಬ್ಬರು ಸಹಪಾಠಿಗಳು ಮತ್ತು ನಾನು. ನಾನು ನನ್ನ ಮನೆಯಲ್ಲಿದ್ದೆ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. 'ಎದುರು ಮನೆ ಹುಡುಗಿಗೂ ಎಷ್ಟು ಕಷ್ಟ' ಎಂದರು ಆಂಟಿ. ಅಕ್ಕ ಮೆತ್ತಗೆ, 'ಅವಳು ಪ್ರತಿ ವಾರ ನನ್ನ ಜೊತೆ ಕುಡಿಯುತ್ತಾಳೆ, ಅವಳನ್ನೇ ಕೇಳಿ' ಅಂದರು. ನನ್ನ ಬಾಗಿಲು ತಟ್ಟಿದರು. ಎರಡು ಸಲ. ಅಗ್ರಿಮೆಂಟ್ ಮುಗಿಯಲು ಎರಡು ತಿಂಗಳಿತ್ತು, ನನಗೆ ಬೇರೆ ಮನೆ ಹುಡುಕುವ ಶಕ್ತಿಯಿರಲಿಲ್ಲ, ಥೀಸಿಸ್ ಇತ್ತು. ಇವೆಲ್ಲ ಆಮೇಲೆ ಹೊಂದಿಸಿಕೊಂಡ ಕಾರಣಗಳು. ಆಗ ನಾನು ಮಾಡಿದ್ದು ಫ್ಯಾನ್ ಆಫ್ ಮಾಡಿದ್ದು, ಸದ್ದಾಗದಿರಲಿ ಎಂದು.

ಮೇ ತಿಂಗಳಲ್ಲಿ ಅಕ್ಕ ಜಕ್ಕೂರಿನ ಆಚೆಗೆ ಮನೆ ಬದಲಾಯಿಸಿದರು. ಸಾಮಾನು ಇಳಿಸಲು ನಾನೂ ಕೈ ಹಾಕಿದೆ. ಯಾರೂ ಏನೂ ಮಾತಾಡಲಿಲ್ಲ.

ಆರು ವಾರ ಹೋಗಲಿಲ್ಲ. ಕೊಪ್ಪದ ಗೆಳತಿಯೊಬ್ಬಳು ಎರಡು ಕಿಲೊ ಹಸಿ ಬೀಜ ತಂದುಕೊಟ್ಟಾಗ ನೆಪ ಸಿಕ್ಕಿತು. ಅವರ ತೋಟದ್ದು ಸೆಲೆಕ್ಷನ್ 9. ಅದರ ಹೆತ್ತವರಲ್ಲಿ ಒಂದು ಟಫಾರಿಕೆಲಾ, ಇಥಿಯೋಪಿಯಾದ ಅರೇಬಿಕಾ. ಬಸ್ಸಿನಲ್ಲಿ ಇದನ್ನೆಲ್ಲ ಹೇಗೆ ಹೇಳುವುದೆಂದು ತಯಾರಿ ಮಾಡಿಕೊಂಡೆ. ಬಾಗಿಲು ಎಂದಿನಂತೆ ತೆರೆದೇ ಇತ್ತು. ಪಕ್ಕದ ಮನೆಯ ನಾಲ್ಕೈದು ವರ್ಷದ ಹುಡುಗ ಪಾಪ್‌ಕಾರ್ನ್ ಬಟ್ಟಲು ಹಿಡಿದು ಸ್ಟೂಲಿನ ಮೇಲೆ ಕೂತಿದ್ದ. ಅಕ್ಕ ಬೀಜ ತೊಳೆದರು, ಹುರಿದರು, ಬಾಣಲೆ ತಂದು ಹಿಡಿದರು. ನಾನು ಹೊಗೆಯನ್ನು ಮುಖಕ್ಕೆ ಎಳೆದುಕೊಂಡೆ. ಹುಡುಗ ಎರಡೂ ಕೈಯಿಂದ ಕಣ್ಣಿಗೊತ್ತಿಕೊಂಡ.

ಅಬೋಲ್ ಆಯಿತು. ಟಫಾರಿಕೆಲಾದ ಕತೆ ಹೇಳಿದೆ. ನಕ್ಕರು. ತೋನಾ ಆಯಿತು. ಮಗಳ ಹೊಸ ಫೋಟೊ ತೋರಿಸಿದರು, ಹಲ್ಲು ಬಿದ್ದಿತ್ತು.

'ಅಕ್ಕಾ, ಆವತ್ತು ನಾನು ಮನೆಯಲ್ಲೇ ಇದ್ದೆ' ಅಂದೆ.

'ಗೊತ್ತು ಇಹ್ತೆ. ನಿನ್ನ ಚಪ್ಪಲಿ ಹೊರಗಿತ್ತು.'

ನಾನು ಬಟ್ಟಲು ಕೆಳಗಿಟ್ಟೆ. ಎದ್ದು ಹೋಗುವುದೋ ಕೂರುವುದೋ ತಿಳಿಯಲಿಲ್ಲ. ಅವರು ನನ್ನ ಕಡೆ ನೋಡದೆ ಜಬೆನಾವನ್ನು ಅಲ್ಲಾಡಿಸಿ, ಗಸಿ ಇನ್ನೂ ಇದೆಯೇ ಎಂದು ನೋಡಿ, ಮೂರನೇ ಸಲಕ್ಕೆ ನೀರು ಹಾಕಿದರು.